ಕೂಡಿಸಿ ಹೇಳಿದ ರೊಟ್ಟಿ

ಡಾಕ್ಟರ್ ಇಂದುಮತಿಯವರು ನಮ್ಮೂರಿಗೆ ಬಂದ ಮೊದಲ ದಿನವೇ, ಇಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿಬಿಟ್ಟರು. ಅಂಗನವಾಡಿಯ ಚಾಪೆಯ ಮೇಲೆ ನಲವತ್ತೆರಡು ಮಂದಿ ಬಸುರಿಯರು ಕೂತಿದ್ದರು. ಅವರ ಹಿಂದೆ ಗೋಡೆಗೆ ಒರಗಿ ನಾವು ಅತ್ತೆಯರು, ಅವ್ವಂದಿರು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, ಕಾಗದದ ಮೇಲೆ ಪೆನ್ನಿಟ್ಟು, ಮುಂದೆ ಕೂತಿದ್ದ ನನ್ನ ಸೊಸೆ ಕಸ್ತೂರಿಯನ್ನೇ ಕೇಳಿದರು. "ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ಊಟ ಮಾಡಿದೆಯಮ್ಮ?"

ಕಸ್ತೂರಿ ತಿರುಗಿ ನನ್ನ ಮುಖ ನೋಡಿದಳು. ಉಳಿದವರು ಸೆರಗನ್ನು ಬಾಯಿಗೆ ಹಿಡಿದು ನಗತೊಡಗಿದರು. ನಮ್ಮ ಪಕ್ಕದ ಮನೆಯ ಹಲೀಮಾಬಿಗೆ ನಗು ತಡೆದುಕೊಂಡು ಗೊತ್ತೇ ಇಲ್ಲ. ಅವಳು ಜೋರಾಗಿಯೇ ನಕ್ಕು, "ಬಾಯಾರ, ಉಂಡಾಕಿನ್ನ ಕೇಳಿದ್ರ ಆಕಿಗೆ ಹೆಂಗ ಗೊತ್ತಿರತೈತ್ರಿ? ಎದುರಿಗೆ ಕುಂತಾಕಿನ್ನ ಕೇಳ್ರಿ," ಎಂದಳು.

ನಮ್ಮಲ್ಲಿ ಉಂಡು ಕೈ ತೊಳೆದ ಕೂಡಲೇ ಏನು ಉಂಡೆವೆಂಬುದು ಮರೆತುಹೋಗುತ್ತದೆ. ಬೇರೆ ಏನೂ ಮರೆಯುವುದಿಲ್ಲ. ಊಟದ ಹೊತ್ತಿಗೆ ಯಾವ ಬೀಗರು ಬಂದರು, ಯಾರ ಮೇಲೆ ಯಾರು ಮುನಿಸಿಕೊಂಡು ಎದ್ದು ಹೋದರು, ಎಲ್ಲ ನೆನಪಿರುತ್ತದೆ. ತನ್ನ ತಟ್ಟೆಯೊಂದು ಮಾತ್ರ ಇಲ್ಲ. ಅದಕ್ಕೇ ಇಲ್ಲಿ ಯಾರೂ ಒಬ್ಬರೇ ಕೂತು ಉಣ್ಣುವುದಿಲ್ಲ. ಎದುರಿಗೆ ಒಬ್ಬರು ಕೂತು ನೋಡಬೇಕು, ಕೈ ತೊಳೆದು ಬಂದ ಮೇಲೆ ಹೇಳಬೇಕು. ಮೂರು ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಒಂದು ಲೋಟ ಮಜ್ಜಿಗೆ ಎಂದರೆ ಉಂಡವರು ಛಲೋ ಆತು ಎಂದು ಎದ್ದು ಹೋಗುತ್ತಾರೆ. ಗಂಡಂದಿರಿಗೆ ಹೆಂಡಂದಿರು, ಮಕ್ಕಳಿಗೆ ಅವ್ವಂದಿರು, ಸೊಸೆಗೆ ಅತ್ತೆ, ಅತ್ತೆಗೆ ಸೊಸೆ. ಗಂಡ ಹೆಂಡತಿ ಮಾತು ಬಿಟ್ಟರೂ ಎದುರು ಕೂಡುವುದನ್ನು ಬಿಡುವಂತಿಲ್ಲ. ಅಂಥ ಮನೆಗಳಲ್ಲಿ ಹೆಂಡತಿ ಗೋಡೆಯ ಕಡೆ ಮುಖ ಮಾಡಿ, "ನಾಕು ರೊಟ್ಟಿ ಉಂಡಾರ," ಎಂದು ಗೋಡೆಗೇ ಹೇಳುತ್ತಾಳೆ. ಹೆಣ್ಣು ನೋಡಲು ಹೋದವರೂ ಹುಡುಗಿ ಎದುರಿಗೆ ಹೇಗೆ ಕೂಡುತ್ತಾಳೆ ಎಂದು ಮೊದಲು ವಿಚಾರಿಸುತ್ತಾರೆ, ಬಣ್ಣ ಆಮೇಲೆ.

ಡಾಕ್ಟರು ಇದನ್ನೆಲ್ಲ ಕೇಳಿ ಗಾಬರಿಯಾಗಲಿಲ್ಲ. "ಬೇರೆ ಊರುಗಳಲ್ಲೂ ಜನ ಅರ್ಧ ಮರೆತಿರುತ್ತಾರೆ, ಇನ್ನರ್ಧ ನಮಗೆ ಖುಷಿಯಾಗಲಿ ಅಂತ ಹೇಳುತ್ತಾರೆ. ಇಲ್ಲಿ ಸಾಕ್ಷಿಯೇ ಇದ್ದಾರಲ್ಲ, ನನ್ನ ಕೆಲಸ ಹಗುರಾಯಿತು," ಎಂದರು. ಆದರೂ ಮೊದಲ ವಾರ ಅವರು ತಕ್ಕಡಿಯನ್ನೇ ನಂಬಿದ್ದರು. ಅಂಗೈಯಗಲದ ತಕ್ಕಡಿ, ಮೇಲೆ ಕೆಂಪು ಅಂಕಿ ಹೊತ್ತಿಕೊಳ್ಳುತ್ತಿತ್ತು. ಮನೆಮನೆಗೆ ಹೋಗಿ ಉಣ್ಣುವ ಮೊದಲು ರೊಟ್ಟಿ ತೂಗುವುದು, ಉಂಡಾದ ಮೇಲೆ ತಟ್ಟೆಯಲ್ಲಿ ಉಳಿದದ್ದನ್ನು ತೂಗುವುದು. ತಕ್ಕಡಿ ಬಂದ ಮನೆಯಲ್ಲಿ ಅವತ್ತು ಹಬ್ಬ. ಹಲೀಮಾಬಿ ತನ್ನ ಸೊಸೆ ಶಬಾನಾಳಿಗೆ ಕೋಳಿ ಕೊಯ್ಯಿಸಿದಳು. ನಾನೂ ಏನು ಕಡಿಮೆಯವಳಲ್ಲ, ಕಸ್ತೂರಿಯ ತಟ್ಟೆಗೆ ಮೂರು ರೊಟ್ಟಿ, ಮೊಳಕೆ ಹೆಸರುಕಾಳು, ತುಪ್ಪ ಹಾಕಿದೆ. ಎಂಟು ದಿನಕ್ಕೆ ಡಾಕ್ಟರು ತಕ್ಕಡಿಯನ್ನು ಪೆಟ್ಟಿಗೆಗೆ ಸೇರಿಸಿದರು. ತಕ್ಕಡಿ ಕಂಡರೆ ತಟ್ಟೆ ಬದಲಾಗುತ್ತದೆ, ಎಲ್ಲ ಊರಿನಲ್ಲೂ ಇದೇ ಕಥೆ, ಎಂದರು. ಅಲ್ಲಿಂದ ಮುಂದೆ ಎದುರು ಕೂತವರ ಮಾತೇ ಗತಿಯಾಯಿತು. ವಾರಕ್ಕೆ ಮೂರು ದಿನ ನಾವು ಅತ್ತೆಯರು ಹೋಗಿ ಹೇಳುವುದು, ಅವರು ಬರೆದುಕೊಳ್ಳುವುದು. ಎರಡನೆಯ ವಾರಕ್ಕೆ ಈ ಊರಿನ ಮರೆವು ಅವರಿಗೂ ಅಂಟಿಕೊಂಡಿತು. ಒಂದು ದಿನ ಎರಡು ಸಲ ಉಪ್ಪಿಟ್ಟು ತಿಂದು ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಆಮೇಲೆ ಅವರ ಊಟಕ್ಕೆ ಹಲೀಮಾಬಿಯೇ ಎದುರು ಕೂಡತೊಡಗಿದಳು.

ಅವರು ಬಂದ ಕಾರಣ ಹೇಳಬೇಕು. ನಮ್ಮೂರ ಬಸುರಿಯರ ರಕ್ತ ಬಹಳ ಕಡಿಮೆ. ಹನ್ನೊಂದು ಇರಬೇಕಾದದ್ದು ಎಂಟು, ಏಳೂವರೆ. ಹುಟ್ಟುವ ಕೂಸುಗಳು ಸಣ್ಣವು. ಅದಕ್ಕೆಂದು ಸರಕಾರ ಒಂದು ವರ್ಷದಿಂದ ಅಂಗನವಾಡಿಯಲ್ಲಿ ದಿನಕ್ಕೊಂದು ಮೊಟ್ಟೆ, ಒಂದು ಶೇಂಗಾ ಉಂಡೆ ಕೊಡುತ್ತಿತ್ತು. ಆದರೂ ರಕ್ತ ಏರಿರಲಿಲ್ಲ. ಹಾಗಾದರೆ ಇದು ಊಟ ಸಾಲದೆ ಬಂದದ್ದೋ, ಇಲ್ಲಿಯವರ ಮೈಯಲ್ಲೇ ಬೇರೇನಾದರೂ ದೋಷವೋ, ತಿಳಿದು ಬನ್ನಿ ಎಂದು ಅವರನ್ನು ಕಳಿಸಿದ್ದರು. ಊಟ ಸಾಕಷ್ಟಿದೆ ಎಂದಾದರೆ ಮೊಟ್ಟೆ ಉಂಡೆ ಇಲ್ಲಿ ನಿಲ್ಲುತ್ತವೆ, ಹೆಚ್ಚು ಬೇಕಾದ ಇನ್ನೊಂದು ಊರಿಗೆ ಹೋಗುತ್ತವೆ. ಇದನ್ನು ಡಾಕ್ಟರು ಮುಚ್ಚಿಡದೆ ಹೇಳಿದ್ದರು.

ನನ್ನ ಹೆಸರು ಚಂಪವ್ವ. ನಮ್ಮದು ಗಿರಣಿ ಮನೆ. ಗಂಡ ತೀರಿಕೊಂಡು ಎಂಟು ವರ್ಷವಾಯಿತು, ಮಗ ಮಹಾಂತೇಶ ಗಿರಣಿ ನಡೆಸುತ್ತಾನೆ. ಊರ ಜೋಳವೆಲ್ಲ ನಮ್ಮಲ್ಲೇ ಹಿಟ್ಟಾಗುವುದು. ನಮ್ಮ ಮನೆಯಲ್ಲಿ ಹಿಟ್ಟಿಗೆ ಕೊರತೆ ಎಂದು ಯಾರಾದರೂ ಹೇಳಿದ್ದರೆ ಅವರ ಬಾಯಿಗೇ ಹಿಟ್ಟು ತುರುಕುತ್ತಿದ್ದೆ. ಕೊರತೆ ಇರಲೂ ಇಲ್ಲ. ಮಾಡುವುದು ಒಂದು ಬುಟ್ಟಿ ರೊಟ್ಟಿ. ಎಣಿಸಿ ಮಾಡುವ ರೂಢಿ ನಮ್ಮ ಮನೆಗಿಲ್ಲ, ಅದು ಜಿಪುಣರ ಕೆಲಸ. ಮೊದಲು ಮಹಾಂತೇಶ, ಆಮೇಲೆ ಗಿರಣಿಯ ಆಳುಗಳಿಬ್ಬರು, ಯಾರಾದರೂ ಬಂದಿದ್ದರೆ ಅವರು, ಆಮೇಲೆ ನಾನು, ಕೊನೆಗೆ ಕಸ್ತೂರಿ. ಅವಳ ಪಾಳಿ ಬರುವ ಹೊತ್ತಿಗೆ ಬುಟ್ಟಿಯಲ್ಲಿ ಒಂದು ರೊಟ್ಟಿ ಉಳಿದಿರುತ್ತಿತ್ತು, ಯಾವಾಗಲೋ ಒಮ್ಮೆ ಒಂದೂವರೆ. ನಾನು ಎದುರು ಕೂಡುತ್ತಿದ್ದೆ. ಅವಳು ಕೈ ತೊಳೆದು ಬಂದು ನನ್ನ ಮುಖ ನೋಡುತ್ತಿದ್ದಳು. "ಎರಡು ರೊಟ್ಟಿ ಉಂಡೀ ನೋಡವಾ," ಎನ್ನುತ್ತಿದ್ದೆ.

ಇದನ್ನು ಸುಳ್ಳೆಂದು ನಾನು ಯಾವತ್ತೂ ಎಣಿಸಿರಲಿಲ್ಲ. ಒಂದು ಕೂಡಿಸಿ ಹೇಳುವುದು ಎಂದರೆ ಮರ್ಯಾದೆ. ಇಷ್ಟೇ ಉಂಡೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರೆ ನೀನು ಇಷ್ಟೇ, ನಮ್ಮ ಮನೆಯೂ ಇಷ್ಟೇ ಎಂದು ಮುಖಕ್ಕೆ ಹೇಳಿದ ಹಾಗೆ. ನನಗೆ ಇದನ್ನು ಯಾರೂ ಕಲಿಸಿಕೊಟ್ಟಿದ್ದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಎದುರು ಕೂತಾಗ ತಾನಾಗಿಯೇ ನಾಲ್ಕಕ್ಕೆ ಐದು ಎಂದು ಬಾಯಿಗೆ ಬಂದಿತ್ತು. ಅವರು ಖುಷಿಯಾದರು. ನಾನು ಕೂಡಿಸುತ್ತೇನೆ ಎಂಬುದು ನನಗೆ ಗೊತ್ತು. ಆದರೆ ನನ್ನ ಎದುರು ಕೂತವರೂ ಕೂಡಿಸುತ್ತಿರಬಹುದು ಎಂಬುದು ಅರವತ್ತೆರಡು ವರ್ಷ ನನ್ನ ತಲೆಗೆ ಹೊಳೆಯಲಿಲ್ಲ. ಬುದ್ಧಿವಂತೆ ಎಂದು ಹೆಸರು ಬೇರೆ.

ಕಸ್ತೂರಿಗೆ ಆಗ ಐದು ತಿಂಗಳು. ಮೊದಲ ಸಲ ತೆಗೆದಾಗ ರಕ್ತ ಎಂಟು ಇತ್ತು. ಕಬ್ಬಿಣದ ಮಾತ್ರೆ ಕೊಟ್ಟರು. ಅದನ್ನು ನುಂಗಿದ ಕೂಡಲೇ ಅವಳು ವಾಂತಿ ಮಾಡುತ್ತಿದ್ದಳು. ಹೊಟ್ಟೆಯಲ್ಲಿ ಏನಾದರೂ ಇದ್ದು ನುಂಗಬೇಕು, ಬರಿ ಹೊಟ್ಟೆಯಲ್ಲಿ ಹಾಗೇ ಆಗುತ್ತದೆ ಎಂದರು ಡಾಕ್ಟರು. "ಎರಡು ರೊಟ್ಟಿ ಉಂಡ ಮ್ಯಾಲೇ ನುಂಗ್ಯಾಳ್ರಿ," ಎಂದೆ ನಾನು. ಅವರು ಹುಬ್ಬು ಗಂಟು ಹಾಕಿ ಅದನ್ನೂ ಬರೆದುಕೊಂಡರು. ಊಟವಾದ ಕೂಡಲೇ ಚಹಾ ಕುಡಿಯಬಾರದು, ಉಂಡದ್ದರಲ್ಲಿರುವ ಕಬ್ಬಿಣವನ್ನು ಚಹಾ ಮೈಗೆ ಹತ್ತಗೊಡುವುದಿಲ್ಲ, ಬದಲಿಗೆ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ ಎಂದರು. ಅವತ್ತೇ ನಾನು ಕಸ್ತೂರಿಯ ಚಹಾ ಬಿಡಿಸಿದೆ. ಊಟವಾದ ಮೇಲೆ ಒಂದು ಕಪ್ಪು ಚಹಾ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂಡುವುದು ಅವಳಿಗೆ ಬಹಳ ಇಷ್ಟ. ಸುಮ್ಮನೆ ಬಿಟ್ಟಳು. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದೆ. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಏಳನೆಯ ತಿಂಗಳಿಗೆ ರಕ್ತ ಏಳಕ್ಕೆ ಇಳಿಯಿತು. ಡಾಕ್ಟರು ನನ್ನನ್ನು ಒಬ್ಬಳನ್ನೇ ಒಳಗೆ ಕರೆದು ಕೂರಿಸಿದರು. "ಅಮ್ಮ, ಇನ್ನು ಕಡಿಮೆಯಾದರೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಇವಳು ತಡೆದುಕೊಳ್ಳುವುದಿಲ್ಲ. ಮಗು ಬೆಳೆಯುವುದೂ ನಿಧಾನವಾಗಿದೆ. ಊಟ ಚೆನ್ನಾಗಿದೆ, ಮಾತ್ರೆ ಇದೆ, ಚಹಾ ಬಿಟ್ಟಿದ್ದಾಳೆ. ಏನು ಕಾರಣ ಅಂತಲೇ ತಿಳಿಯುತ್ತಿಲ್ಲ," ಎಂದರು. ಅವರ ದನಿಯಲ್ಲಿ ನಿಜವಾದ ಚಿಂತೆ ಇತ್ತು.

ಹೊರಗೆ ಬಂದರೆ ಕಸ್ತೂರಿ ಬೇವಿನ ಮರಕ್ಕೆ ಒರಗಿ ನಿಂತಿದ್ದಳು. ಒಳಗಿನ ಮಾತು ಕೇಳಿಸಿರಬೇಕು. ದಾರಿಯಲ್ಲಿ ಎರಡು ಕಡೆ ಕೂತು ದಣಿವಾರಿಸಿಕೊಂಡಳು. ಎರಡನೆಯ ಸಲ ಕೂತಾಗ, "ಅತ್ತಿ, ನನ್ನ ಮೈಯಾಗನ ಏನರ ಐಬ ಐತೇನ್ರಿ? ಇಷ್ಟು ಉಂಡರೂ ಹತ್ತವಲ್ದು. ಉಂಡು ಎದ್ದ ಗಳಿಗ್ಗೇ ಮತ್ತ ತಿನ್ನಬೇಕನಸ್ತೈತಿ. ನಮ್ಮವ್ವ ಇದ್ದಿದ್ರ ಇದು ಹೊಟ್ಟಿಬಾಕತನ ಅಂತ ಬೈತಿದ್ಲು," ಎಂದು ನಾಚಿಕೊಂಡು ನಕ್ಕಳು. ನಾನು ಅವಳ ಕೈಯಲ್ಲಿದ್ದ ಚೀಲ ತೆಗೆದುಕೊಂಡೆ. ಆಗಲೂ ನನಗೆ ಹೊಳೆದಿರಲಿಲ್ಲ, ನನ್ನ ಮಾತು ನಂಬಿ.

ಮುಂದಿನ ವಾರ ಡಾಕ್ಟರು ನಮ್ಮಂಥ ಹಿರಿಯರ ಹಳೆಯ ಕಥೆ ಕೇಳತೊಡಗಿದರು. ಇದು ತಲೆಮಾರಿನಿಂದ ಬಂದ ತೊಂದರೆಯೋ ನೋಡಬೇಕಂತೆ. ನನ್ನನ್ನು ಕೇಳಿದರು, ಎಷ್ಟು ಬಸಿರು, ಎಷ್ಟು ಮಕ್ಕಳು. ಎರಡು ಎಂದೆ. ಮೊದಲನೆಯದು ಹೆಣ್ಣು, ಹನ್ನೊಂದು ದಿನ ಇತ್ತು. ಎಷ್ಟು ದೊಡ್ಡದಿತ್ತು ಎಂದರೆ ಕೈ ತೋರಿಸಿದೆ, ಮೊಣಕೈಯಿಂದ ಮಣಿಕಟ್ಟಿನವರೆಗೂ ಇರಲಿಲ್ಲ. "ಆ ಬಸಿರಿನಲ್ಲಿ ನೀವು ಏನು ಊಟ ಮಾಡುತ್ತಿದ್ದಿರಿ? ನಿಮ್ಮ ಅತ್ತೆ ಏನು ಹೇಳುತ್ತಿದ್ದರು, ನೆನಪಿದೆಯೇ?"

ನೆನಪಿಲ್ಲದೆ ಏನು? ನನ್ನ ಅತ್ತೆ ಬಾಯಿತುಂಬ ಹೇಳುತ್ತಿದ್ದಳು. ಅದೇ ಧಾಟಿಯಲ್ಲಿ ಡಾಕ್ಟರ ಮುಂದೆ ಹೇಳಿ ತೋರಿಸಿದೆ. "ಎರಡು ರೊಟ್ಟಿ ಉಂಡೀ ನೋಡವಾ."

ಹೇಳಿದ್ದು ನನ್ನ ಕಿವಿಗೇ ಬಿತ್ತು. ಅದು ನನ್ನದೇ ದನಿ. ನಿನ್ನೆ ಸಂಜೆ ಕಸ್ತೂರಿಗೆ ಹೇಳಿದ್ದೂ ಅದೇ ಮಾತು, ಅದೇ ಎಳೆತ, ಕೊನೆಗೆ ಅದೇ ನೋಡವಾ. ನಾನು ಹಾಗೆ ಎಂದಾಗ ತಟ್ಟೆಯಲ್ಲಿ ಇದ್ದದ್ದು ಒಂದು. ಹಾಗಾದರೆ ನನ್ನ ಅತ್ತೆ ಎಂದಾಗ?

ಡಾಕ್ಟರು ಎರಡು ಹೊತ್ತಿಗೆ ನಾಲ್ಕು ಎಂದು ಬರೆದುಕೊಂಡು, ತಲೆಯಾಡಿಸಿ, "ನೋಡಿ, ಆಗಲೂ ಊಟಕ್ಕೆ ಕೊರತೆ ಇರಲಿಲ್ಲ," ಎಂದರು. ನಾನು ಎದ್ದು ಬಂದೆ. ಮನೆಗೆ ಬರುವ ದಾರಿ ಅವತ್ತು ಮುಗಿಯಲೇ ಇಲ್ಲ. ಕೂಸು ಹೋದ ದಿನ ನನ್ನ ಅತ್ತೆ ಎದೆ ಎದೆ ಬಡಿದುಕೊಂಡು ಅತ್ತಿದ್ದಳು. ಎರಡೆರಡು ರೊಟ್ಟಿ ಬಡಿಸಿದೆ, ಆದರೂ ಇವಳ ಹೊಟ್ಟೆಯಲ್ಲಿ ಕೂಸು ನಿಲ್ಲಲಿಲ್ಲವಲ್ಲ ಎಂದು. ಬಂದವರೆಲ್ಲ ಪಾಪ ಎಂದದ್ದು ಅವಳಿಗೆ. ಆವತ್ತಿನಿಂದ ನಾನು ನನ್ನ ಮೈಯನ್ನು ಕ್ಷಮಿಸಿಲ್ಲ. ಮಹಾಂತೇಶ ಹುಟ್ಟಿ ಬೆಳೆದು ಮದುವೆಯಾದ ಮೇಲೂ ಕ್ಷಮಿಸಿಲ್ಲ. ಈಗ ಆ ಸಿಟ್ಟನ್ನು ಎಲ್ಲಿ ಇಳಿಸಲಿ ಎಂದು ತಿಳಿಯದೆ, ಸತ್ತು ಇಪ್ಪತ್ತು ವರ್ಷವಾದ ಅತ್ತೆಯನ್ನು ನಡುಬೀದಿಯಲ್ಲಿ ನಿಂತು ಬೈದೆ. ಬೈದಾದ ಮೇಲೆ ಅಳು ಬಂತು. ಅವಳು ಕೆಟ್ಟವಳಾಗಿರಲಿಲ್ಲ, ನನ್ನ ಮೇಲೆ ಜೀವ ಇಟ್ಟಿದ್ದಳು. ಮರ್ಯಾದೆಯ ಮಾತು ಆಡಿದ್ದಳು ಅಷ್ಟೇ, ನಾನು ಆಡುತ್ತಿದ್ದ ಹಾಗೆ.

ಈಗ ನೀವು ಕೇಳಬಹುದು, ಹೋಗಿ ಸೊಸೆಗೆ ಹೇಳಿದ್ದರೆ ಮುಗಿಯುತ್ತಿರಲಿಲ್ಲವೇ ಎಂದು. ನನಗೆ ಬಾಯಿ ಬರಲಿಲ್ಲ. ಏಳು ತಿಂಗಳಿನಿಂದ ನಿನ್ನನ್ನು ಉಪವಾಸ ಇಟ್ಟವಳು ನಾನೇ ಎಂದು ಯಾವ ಬಾಯಿಂದ ಹೇಳುವುದು? ಹೇಳದೆಯೇ ಸರಿಮಾಡೋಣ ಎಂದುಕೊಂಡೆ. ಸಂಜೆ ಹಿಟ್ಟು ಹೆಚ್ಚು ಕಲಸಿದೆ. ಅವಳ ಪಾಳಿ ಬಂದಾಗ ಬುಟ್ಟಿಯಲ್ಲಿ ನಾಲ್ಕು ಇದ್ದವು. ಎರಡು ಹಾಕಿದೆ, ಉಂಡಳು. ಮೂರನೆಯದನ್ನು ಹಾಕಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿದಳು.

"ಬ್ಯಾಡ್ರಿ ಅತ್ತಿ. ಮುಂಜಾನೆ ಎರಡು ಉಂಡೇನಿ ಅಂದ್ರಲ್ಲ, ಈಗೂ ಎರಡು ಆತು. ಇನ್ನೂ ಬೇಕನಸೂದು ಹಸಿವಿ ಅಲ್ರಿ, ಚಟ. ಚಟಕ್ಕ ತಿಂದದ್ದು ಮೈಗೆ ಹತ್ತೂದಿಲ್ಲ."

"ತಿನ್ನವಾ. ಬಸುರಿ ಹೆಂಗ್ಸು."

"ತಿಂದೂ ಏನು ಉಪಯೋಗರಿ? ಡಾಕ್ಟರಬಾಯಾರು ನನ್ನ ರಕ್ತಾನ ದೊಡ್ಡ ಊರಿಗೆ ಕಳಸ್ತಾರಂತ. ಐಬ ಏನದ ಅಂತ ತಿಳದ ಮ್ಯಾಲೆ ನೋಡೂಣ."

ಅವಳು ಕೈ ತೊಳೆದಳು. ಬಂದು ನನ್ನ ಮುಖ ನೋಡಿದಳು. ಎರಡು ಎಂದು ಇದ್ದದ್ದನ್ನು ಇದ್ದಂತೆ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು "ಮೂರು" ಎಂದು. ನಲವತ್ತು ವರ್ಷದ ರೂಢಿ, ನಾಲಗೆ ನನ್ನನ್ನು ಕೇಳಲೇ ಇಲ್ಲ. ಮರುದಿನ ಮುಂಜಾನೆ ಅವಳು ರಾತ್ರಿ ಮೂರು ಉಂಡಿದ್ದೇನೆ ಎಂದು ಒಂದಕ್ಕೇ ಎದ್ದಳು. ಆಗ ನನಗೆ ಭಯ ಹತ್ತಿತು. ಬುಟ್ಟಿ ತುಂಬ ರೊಟ್ಟಿ ಮಾಡಿದರೂ ಈ ಹುಡುಗಿ ನನ್ನ ಮಾತಿನಿಂದಲೇ ಹೊಟ್ಟೆ ತುಂಬಿಸಿಕೊಂಡು ಸಾಯುತ್ತಾಳೆ ಅನ್ನಿಸಿತು.

ಎರಡು ದಿನ ಬಿಟ್ಟು ಶಾಲೆಯ ಹಾಲಿನಲ್ಲಿ ಸಭೆ ಕರೆದರು. ಡಾಕ್ಟರು ತಾವು ಕಂಡುಕೊಂಡದ್ದನ್ನು ಊರಿಗೇ ಮೊದಲು ಹೇಳಬೇಕು ಎಂದಿದ್ದರು. ಮೇಲಿನ ಆಫೀಸಿನಿಂದ ಒಬ್ಬ ಸಾಹೇಬರೂ ಬಂದಿದ್ದರು. ಬೆಳಗಿನ ಹನ್ನೊಂದು ಗಂಟೆ, ಗಂಡಸರು ಬೆಂಚಿನ ಮೇಲೆ, ನಾವು ಜಮಖಾನದ ಮೇಲೆ. ಡಾಕ್ಟರು ಗೋಡೆಯ ಮೇಲೆ ಗೆರೆಗೆರೆಯ ಚಿತ್ರ ಅಂಟಿಸಿ, ನಮಗೆ ತಿಳಿಯುವ ಹಾಗೆ ಹೇಳಿದರು. ಯಾರ ಹೆಸರೂ ಹೇಳಲಿಲ್ಲ, ಒಬ್ಬೊಬ್ಬರಿಗೆ ಒಂದೊಂದು ನಂಬರು ಕೊಟ್ಟಿದ್ದರು. ಈ ಊರ ಬಸುರಿಯರು ದಿನಕ್ಕೆ ನಾಲ್ಕರಿಂದ ಐದು ರೊಟ್ಟಿ, ಕಾಳು, ಸೊಪ್ಪು ಉಣ್ಣುತ್ತಾರೆ. ಅಷ್ಟು ಉಂಡವರಿಗೆ ರಕ್ತ ಇಷ್ಟು ಕಡಿಮೆಯಾಗಬಾರದು. "ಹದಿನೇಳನೆಯ ನಂಬರಿನವಳನ್ನು ನೋಡಿ, ದಿನಕ್ಕೆ ನಾಲ್ಕು ರೊಟ್ಟಿ, ಮೊಟ್ಟೆ, ಉಂಡೆ, ಆದರೂ ರಕ್ತ ಏಳು. ಹಾಗಾಗಿ ಆಹಾರದ ಕೊರತೆ ಕಾಣುತ್ತಿಲ್ಲ. ಮೈ ಅದನ್ನು ಯಾಕೆ ಹೀರಿಕೊಳ್ಳುತ್ತಿಲ್ಲ ಎಂದು ಹುಡುಕಬೇಕು," ಎಂದರು. ಸಾಹೇಬರು ಸಮಾಧಾನದಿಂದ, ಹಾಗಾದರೆ ಬರುವ ತಿಂಗಳಿಂದ ಮೊಟ್ಟೆ ಉಂಡೆ ಬೇರೆ ಕಡೆ ಕಳಿಸಬಹುದು ಎಂದು ಬರೆದುಕೊಂಡರು.

ಹದಿನೇಳು ಕಸ್ತೂರಿಯ ಚೀಟಿಯ ನಂಬರು. ಅವಳು ನನ್ನ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದಳು. ಅದು ಯಾರೆಂದು ಅಲ್ಲಿ ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ಗಿರಣಿ ಮನೆಯ ಮರ್ಯಾದೆ ಉಳಿಯುತ್ತಿತ್ತು. ನಾನು ಎದ್ದು ನಿಂತೆ.

"ಬಾಯಾರ, ಹದಿನೇಳನೇ ನಂಬರು ನನ್ನ ಸೊಸಿ. ನಾಕ ಅಂತ ಹೇಳಿದಾಕಿ ನಾನು. ಅದರಾಗ ಎರಡು ತಗೀರಿ. ಮುಂಜಾನಿದೊಂದು, ಸಂಜಿದೊಂದು. ಆಕಿ ಉಂಡದ್ದು ಎರಡ ರೊಟ್ಟಿ. ನಾನು ಕೂಡಿಸಿ ಹೇಳೀನಿ."

ಬೆಂಚಿನಿಂದ ಒಬ್ಬ ಹಿರಿಯರು, "ಚಂಪವ್ವ, ಏನ್ ಮಾತಾಡ್ತಿ? ಪರ ಊರವರ ಮುಂದ?" ಎಂದು ಗದರಿದರು. ಮಹಾಂತೇಶ ನೆಲ ನೋಡುತ್ತಿದ್ದ. ಡಾಕ್ಟರು ಕನ್ನಡಕ ತೆಗೆದು ನನ್ನ ಹತ್ತಿರ ಬಂದರು. "ಯಾವಾಗಲೂ ಕೂಡಿಸುತ್ತೀರಾ? ಎಷ್ಟು?"

"ಒಂದ ರೀ. ಎರಡು ಕೂಡಿಸಿದ್ರ ಸುಳ್ಳ ಆಗ್ತೈತಲ್ರಿ."

ಯಾರೂ ನಗಲಿಲ್ಲ. ಆಗ ಹಲೀಮಾಬಿ ಎದ್ದಳು. ಅವಳ ಮುಖದಲ್ಲಿ ನಗುವಿಲ್ಲದ್ದನ್ನು ನಾನು ನೋಡಿದ್ದು ಅವತ್ತೇ. "ನಮ್ಮ ಶಬಾನಾಂದೂ ಹೊತ್ತಿಗೊಂದು ಕಳೀರಿ ಬಾಯಾರ," ಎಂದಳು. ಸ್ವಲ್ಪ ತಡೆದು, "ನಿಮ್ಮ ಊಟದಾಗಿಂದೂ ಕಳಕೋರಿ," ಎಂದಳು. ಹಿಂದಿನಿಂದ ಇನ್ನೊಬ್ಬಳು ಕೈ ಎತ್ತಿದಳು. ಆಮೇಲೆ ಒಬ್ಬೊಬ್ಬರೇ. ಕೆಲವರು ಹೇಳಿ ಅತ್ತರು, ಕೆಲವರು ಹೇಳದೆ ಎದ್ದು ಹೋದರು.

ಡಾಕ್ಟರು ಸಾಹೇಬರ ಕಡೆ ತಿರುಗಿ ನಿಧಾನವಾಗಿ ಹೇಳಿದರು. ಎಲ್ಲರಿಗೂ ಒಂದೇ ಕೂಡಿಸಿದ್ದಾರೆ. ನಾಲ್ಕು ಉಂಡ ಗಂಡಸಿಗೆ ಐದು ಎಂದರೆ ಅಂಥ ದೊಡ್ಡ ತಪ್ಪೇನಲ್ಲ. ಒಂದು ಉಂಡ ಹೆಂಗಸಿಗೆ ಎರಡು ಎಂದರೆ ಅವಳ ಹಸಿವೇ ಲೆಕ್ಕದಿಂದ ಅಳಿಸಿಹೋಗುತ್ತದೆ. "ಸರ್, ಈ ವರದಿಯನ್ನು ನಾನು ಕೊಡುವುದಿಲ್ಲ. ಮೂರು ತಿಂಗಳ ಕೆಲಸ ಮೊದಲಿಂದ ಮಾಡುತ್ತೇನೆ. ಅಲ್ಲಿಯವರೆಗೆ ಮೊಟ್ಟೆ ಇಲ್ಲೇ ಇರಬೇಕು," ಎಂದರು. ಸಾಹೇಬರು ಗೊಣಗಿದರು, ಆದರೆ ಬರೆದದ್ದನ್ನು ಹೊಡೆದುಹಾಕಿದರು. ಡಾಕ್ಟರು ನನ್ನ ಕೈ ಹಿಡಿದುಕೊಂಡು, "ನನ್ನದೂ ತಪ್ಪಿದೆ ಅಮ್ಮ. ಬರಿ ಹೊಟ್ಟೆಗೆ ಮಾತ್ರೆ ನುಂಗಿದವಳ ಹಾಗೆ ಅವಳು ವಾಂತಿ ಮಾಡುತ್ತಿದ್ದಳು. ಅದನ್ನು ಬರೆದುಕೊಂಡೆ, ನಂಬಲಿಲ್ಲ," ಎಂದರು.

ಕಸ್ತೂರಿ ಮನೆಯ ಅಂಗಳಕ್ಕೆ ಬಂದು, ಕಂಬ ಹಿಡಿದು ನಿಂತು, ನನ್ನ ಕಡೆ ನೋಡದೆ ಕೇಳಿದಳು. "ಹಂಗಾರ ನನಗ ಹಸಿವಿ ಆಗ್ತಿದ್ದದ್ದು ಖರೇನ್ರಿ ಅತ್ತಿ?"

"ಖರೇ ಯವ್ವಾ."

"ದಿನಾಲೂ?"

"ದಿನಾಲೂ."

ಅವಳು ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಅಲ್ಲೇ ಕೂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಸದ್ದಿಲ್ಲದೆ ಅತ್ತಳು. ನಾನು ಹತ್ತಿರ ಹೋಗಲಿಲ್ಲ. ಹೋಗುವ ಹಕ್ಕು ನನಗಿಲ್ಲ ಅನ್ನಿಸಿತು.

ಅವತ್ತಿನಿಂದ ಅವಳು ನನ್ನನ್ನು ಎದುರು ಕೂರಿಸಿಕೊಳ್ಳಲಿಲ್ಲ, ನನ್ನ ಎದುರೂ ಕೂಡಲಿಲ್ಲ. ಗಂಡನಿಗೆ ಹೇಳಿದಳು, "ನನ್ನ ಊಟಕ್ಕ ನೀವು ಕುಂದರ್ರಿ. ಇದ್ದದ್ದು ಇದ್ದಂಗ ಹೇಳಬೇಕು." ಗಂಡಸು ಹೆಂಗಸಿನ ಎದುರು ಕೂಡುವುದನ್ನು ನಮ್ಮೂರು ನೋಡಿರಲಿಲ್ಲ. ಗಿರಣಿಗೆ ಬಂದವರು ಮಹಾಂತೇಶನನ್ನು ಚೇಷ್ಟೆ ಮಾಡಿದರು. ಅವನು ಕಿವಿಗೆ ಹಾಕಿಕೊಳ್ಳದೆ ಹೊತ್ತಿಗೆ ಸರಿಯಾಗಿ ಹಿಟ್ಟಿನ ಮೈಯಲ್ಲೇ ಬಂದು ಕೂಡುತ್ತಿದ್ದ. ಊಟದ ಸಾಲು ಬದಲಾಯಿತು. ಕಸ್ತೂರಿ ಮೊದಲು, ಆಮೇಲೆ ಉಳಿದವರು. ನನ್ನ ಎದುರು ಹಲೀಮಾಬಿ ಬಂದು ಕೂಡುತ್ತಿದ್ದಳು. ಕೈ ತೊಳೆದು ಬಂದರೆ ಅವಳು ಬೇರೆ ಕಡೆ ನೋಡುತ್ತ "ಎರಡು" ಎನ್ನುತ್ತಿದ್ದಳು. ಗೆಳತಿಗೆ ಕಡಿಮೆ ಹೇಳಲು ಅವಳಿಗೆ ಆಗುತ್ತಿರಲಿಲ್ಲವೇನೋ, ನಾನು ಕೇಳಲೂ ಇಲ್ಲ. ನನಗೆ ಅಷ್ಟು ಸಾಕು ಅಂದುಕೊಂಡಿದ್ದೆ.

ತಿಂಗಳಾದ ಮೇಲೆ ಮತ್ತೆ ರಕ್ತ ನೋಡಿದರು. ಎಂಟೂವರೆ. ರೊಟ್ಟಿಯಿಂದಲೋ, ಈಗ ವಾಂತಿಯಾಗದೆ ಒಳಗೆ ಉಳಿಯುತ್ತಿದ್ದ ಮಾತ್ರೆಯಿಂದಲೋ, ಎರಡೂ ಸೇರಿಯೋ ಈಗಲೇ ಹೇಳಲಾರೆ ಎಂದರು ಡಾಕ್ಟರು. ಅವರ ಸ್ವಭಾವವೇ ಹಾಗೆ, ತಿಳಿಯದ್ದನ್ನು ಹೇಳುವುದಿಲ್ಲ. ಆದರೆ ಮಗುವಿನ ಎದೆಬಡಿತ ಕೇಳುತ್ತ ಅವರು ನಕ್ಕದ್ದನ್ನು ನಾನು ನೋಡಿದೆ.

ಅವತ್ತು ಮಧ್ಯಾಹ್ನ ಮನೆಗೆ ಬಂದ ಕಸ್ತೂರಿ ಎರಡು ತಟ್ಟೆ ಇಟ್ಟಳು. ಒಂದು ತನಗೆ. ಇನ್ನೊಂದನ್ನು ತೋರಿಸಿ, ಒಂದು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ, "ಬರ್ರಿ," ಎಂದಳು. ಮಹಾಂತೇಶ ನಮ್ಮಿಬ್ಬರ ಎದುರು ಕಾಲು ಮಡಚಿ ಕೂತ. ಪುಂಡಿ ಪಲ್ಯ, ಶೇಂಗಾ ಹಿಂಡಿ. ಏನು ಉಂಡೆನೆಂದು ನನಗೆ ನೆನಪಿಲ್ಲ, ತಟ್ಟೆಯಲ್ಲಿ ಇವು ಇದ್ದವು ಎಂದು ಅವನು ಆಮೇಲೆ ಹೇಳಿದ್ದು. ನಾನು ಯಾವಾಗಲೂ ಬೇಗ ಏಳುವವಳು. ಕೈ ತೊಳೆದು ಬಂದು ನಿಂತೆ. ಕಸ್ತೂರಿಯೂ ತೊಳೆದು ಬಂದಳು.

"ಕಸ್ತೂರಿ, ಮೂರು," ಎಂದ ಮಹಾಂತೇಶ. ಆಮೇಲೆ ನನ್ನ ಕಡೆ ತಿರುಗಿದ. ಅವನಿಗೆ ಮರ್ಯಾದೆಯ ಮಾತು ಇನ್ನೂ ಕಲಿತು ಗೊತ್ತಿರಲಿಲ್ಲ. "ಅವ್ವಾ, ನೀ ಒಂದ."

ಆ ಅಂಕಿಯನ್ನು ಜನ್ಮದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಕೇಳಿದ ಕೂಡಲೇ ಹೊಟ್ಟೆಯಲ್ಲಿ ಕೊರೆಯುತ್ತಿದ್ದದ್ದು ಏನೆಂದು ತಿಳಿಯಿತು. ಅದು ಇವತ್ತಿನದಲ್ಲ, ಬಹಳ ಹಳೆಯದು. ಕಣ್ಣಲ್ಲಿ ನೀರು ಬಂದದ್ದನ್ನು ಮರೆಮಾಡಲು ಸೆರಗು ಹುಡುಕುತ್ತಿದ್ದೆ.

ಕಸ್ತೂರಿ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. "ಹಂಗಾರ ನೀವಿನ್ನೂ ಹಸದೀರಿ ಅತ್ತಿ," ಎಂದಳು. "ಕುಂದರ್ರಿ."

ತೊಳೆದ ಕೈಯಲ್ಲೇ ನಾನು ಮತ್ತೆ ತಟ್ಟೆಯ ಮುಂದೆ ಕೂತೆ.